ಕೊನೆಯ ಸಾಲಿಗೂ ಕೇಳಿಸಿದ ಪಿಟೀಲು

ಕಡೂರಿನ ನಮ್ಮ ಮನೆಯಲ್ಲಿ ಮಾತು ಉರ್ದು. ಶಾಲೆ ಮೊದಲು ಉರ್ದು, ಆಮೇಲೆ ಕನ್ನಡ. ರೇಡಿಯೋ ಮಾತ್ರ ಎರಡಕ್ಕೂ ಸೇರಿದ್ದು. ಒಂದು ರಾತ್ರಿ ಅದರಲ್ಲಿ ಪಿಟೀಲು ಬರುತ್ತಿತ್ತು. ರಾಗ ತಾಳದ ಗಂಧವಿಲ್ಲದ ಅಬ್ಬಾ ಬೀಡಿ ಆರಿಸಿ, "ಎಷ್ಟು ಜನ ಬಾರಿಸ್ತಿದ್ದಾರೆ ಬೇಟಾ?" ಎಂದು ಕೇಳಿದರು. ಒಬ್ಬರೇ ಎಂದು ತಿಳಿದದ್ದು ಕೊನೆಯಲ್ಲಿ ಹೆಸರು ಹೇಳಿದಾಗ: ಟಿ. ಚೌಡಯ್ಯ.

ಅಬ್ಬಾ ಕೇಳಿದ ಪ್ರಶ್ನೆಯಲ್ಲೇ ಒಂದು ಚರಿತ್ರೆ ಇದೆ.

ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಆಗಿನ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಗಾಯಕ ಎದೆ ತುಂಬಿ ಹಾಡಿದರೆ ಪಕ್ಕದ ಪಿಟೀಲು ಹಿಂದೆ ಕೂತವರಿಗೆ ಮುಟ್ಟುವುದು ಕಷ್ಟವಾಗುತ್ತಿತ್ತು. 1920ರ ದಶಕದಲ್ಲಿ ಚೌಡಯ್ಯ 4 ತಂತಿಗಳ ಜೊತೆಗೆ ಇನ್ನೂ 3 ತಂತಿ ಬಿಗಿದರು. ಗುರುಗಳಿಗೆ ತಿಳಿಸದೆ ಅಭ್ಯಾಸ ಮಾಡಿದರು, ಅವರು ಮೊದಲು ಮುನಿದು ಆಮೇಲೆ ಮೆಚ್ಚಿದರು ಎಂಬ ಮಾತೂ ಇದೆ. ತಂತಿ ಹೆಚ್ಚಿದಂತೆ ಶ್ರುತಿ ಕೂಡಿಸುವ ಕಷ್ಟವೂ ಹೆಚ್ಚುತ್ತದೆ. ಒಂದು ಕೂದಲೆಳೆ ತಪ್ಪಿದರೂ ಬಯಲಾಗುತ್ತದೆ. ಆ ಕಷ್ಟವನ್ನು ಅವರು ಬೇಕೆಂದೇ ತಲೆಯ ಮೇಲೆ ಹಾಕಿಕೊಂಡರು.

ಪಿಟೀಲು ನಮ್ಮ ನೆಲದ್ದಲ್ಲ. ಯುರೋಪಿನಿಂದ ಬಂದದ್ದನ್ನು 19ನೇ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಲ್ಲಿಯವರು ನಿಂತು ನುಡಿಸಿದರೆ ನಮ್ಮವರು ಚಕ್ಕಳಮಕ್ಕಳ ಕೂತು, ತುದಿಯನ್ನು ಪಾದಕ್ಕೆ ಆನಿಸಿ, ಎಡಗೈಯನ್ನು ಗಮಕಕ್ಕೆ ಬಿಟ್ಟುಕೊಟ್ಟರು. ಅದನ್ನು ನುಡಿಸುವ ಕೋಲಿಗೆ ಕನ್ನಡದಲ್ಲಿ ಕಮಾನು ಎನ್ನುತ್ತೇವೆ. ಅದು ಬಿಲ್ಲು ಎಂಬ ಅರ್ಥದ ಫಾರ್ಸಿ ಮಾತು. ಇರಾನಿನ ಕಮಾಂಚೆ ಎಂಬ ವಾದ್ಯದ ಹೆಸರಲ್ಲೂ ಅದೇ ಇದೆ. ಯಾರದು ಯಾವುದು ಎಂದು ಪಾಲು ಹಂಚಲು ಹೊರಟವರು ಈ ಕೋಲನ್ನು ಎಲ್ಲಿ ಮುರಿಯುತ್ತಾರೆ?

ಪಿಟೀಲಿನ ಕುಟುಂಬದಲ್ಲೇ ದೊಡ್ಡ ಮೈಯ, ತಗ್ಗು ದನಿಯ ಚೆಲ್ಲೋ ಇದೆ. 1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿದ್ದಾಗ ರಷ್ಯಾದ ರಸ್ತ್ರಪೋವಿಚ್ ಗೋಡೆಯ ಬಳಿ ಕುರ್ಚಿ ಹಾಕಿಸಿಕೊಂಡು ಬಾಖ್‌ನ ಸಂಗೀತ ನುಡಿಸಿದರು. ಆ ಧ್ವನಿಮುದ್ರಣ ಕೇಳುವಾಗ ನನಗೆ ನೆನಪಾಗುವುದು ಚೌಡಯ್ಯನವರ ದನಿಯ ಭಾರ. ಉದ್ದವಾಗಿ, ಅವಸರವಿಲ್ಲದೆ ಎಳೆದ ಕಮಾನು.

1943ರ 'ವಾಣಿ' ಚಿತ್ರದಲ್ಲಿ ಅವರನ್ನು ಕಾಣಬಹುದು. ಚೆಂಬೈ ವೈದ್ಯನಾಥ ಭಾಗವತರ ಹಾಡು, ಪಾಲಘಾಟ್ ಮಣಿ ಅಯ್ಯರ್ ಮೃದಂಗ. ಹಾಡುವವರನ್ನು ಮೀರಿಸುವ ಹಟವಿಲ್ಲ, ಅವರ ನೆರಳಲ್ಲಿ ಅಡಗುವ ಅಂಜಿಕೆಯೂ ಇಲ್ಲ. ಪಕ್ಕವಾದ್ಯದವರಾಗಿಯೇ ಅವರು 1957ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿಯ ಗೌರವದವರೆಗೆ ನಡೆದರು. 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ ಭವನವೇ ಇದೆ. ಮೈಕ್ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಈಗ ಅದು ಅಪರೂಪ.

ತರೀಕೆರೆ, ಅಜ್ಜಂಪುರದ ಕಡೆ ಹಿಂದೆ ರಾತ್ರಿಯಿಡೀ ನಾಟಕ ನೋಡಿದ ಹಿರಿಯರು, ಚಾಪೆ ಹಾಸಿ ಹಿಂದೆ ಕೂತವನಿಗೂ ಮಾತು ಕೇಳಬೇಕು ಎನ್ನುತ್ತಿದ್ದರು. ಇಂದು ನಮ್ಮ ಊರುಗಳಲ್ಲಿ ನಾಲ್ಕೂ ದಿಕ್ಕಿನಿಂದ ಧ್ವನಿವರ್ಧಕ ಕೂಗುತ್ತದೆ. ಹಿಂದೆ ಕೂತವನ ಯೋಚನೆ ಯಾರಿಗಿದೆ? ಚೌಡಯ್ಯ ಅವನಿಗಾಗಿ ಮೂರು ತಂತಿ ಬಿಗಿದರು. ಕಡೂರಿನಲ್ಲಿ ಬೀಡಿ ಆರಿಸಿ ಕೂತಿದ್ದ ಅಬ್ಬಾಗೂ ಅದು ಕೇಳಿಸಿತ್ತು.