ಕಾಣಿಕೆಯಾಗಿ ಬಂದ ಕಳೆ

ಪುಣೆಯ ಮುಳಾ-ಮುಠಾ ನದಿಗಳ ಸೇತುವೆಗಳ ಮೇಲೆ ದಿನವೂ ಓಡಾಡುವ ನಮ್ಮ ಕನ್ನಡ ಬಂಧುಗಳಿಗೆ ಜಲಪರ್ಣಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಚಳಿಗಾಲ ಕಳೆದು ನೀರಿನ ಹರಿವು ಇಳಿಯುತ್ತಲೇ ನದಿಗೆ ಹಸಿರು ಜಮಖಾನ ಹಾಸಿದಂತಾಗುತ್ತದೆ. ಅದರ ಮೇಲೆ ಅಲ್ಲಲ್ಲಿ ತಿಳಿನೇರಳೆ ಬಣ್ಣದ ಹೂಗೊಂಚಲು. ಊರಿಗೆ ಹೊಸಬರಾದವರು ನಿಂತು ನೋಡುತ್ತಾರೆ. ಹಳಬರು ಮೂಗು ಮುಚ್ಚಿಕೊಂಡು ಮುಂದೆ ಸಾಗುತ್ತಾರೆ.

ಈ ಗಿಡದೊಡನೆ ನಮಗೆ ಸೇತುವೆಯ ಮೇಲಿನ ನಂಟಿಗಿಂತ ಹತ್ತಿರದ ನಂಟೊಂದುಂಟು. ಕೆಲವು ವರ್ಷಗಳ ಹಿಂದೆ ಕಚೇರಿಯ ಸಹೋದ್ಯೋಗಿಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗಿಡ ತಂದುಕೊಟ್ಟರು. ವಸತಿಗೃಹದ ಹಿತ್ತಿಲಿನ ಸಿಮೆಂಟ್ ತೊಟ್ಟಿಯಲ್ಲಿ ಅವನ್ನು ಬಿಟ್ಟೆವು. ಮಣ್ಣು ಬೇಡ, ಗೊಬ್ಬರ ಬೇಡ, ದಿನವೂ ನೀರೆರೆಯುವ ಕೆಲಸವಂತೂ ಇಲ್ಲವೇ ಇಲ್ಲ. ಎರಡು ತಿಂಗಳು ತುಂಬುವುದರೊಳಗೆ ತೊಟ್ಟಿಯಲ್ಲಿ ನೀರೇ ಕಾಣದಾಯಿತು. ಹೆಚ್ಚಾದುದನ್ನು ನೆರೆಹೊರೆಯವರಿಗೆ ಹಂಚಿದೆವು. ಅರಿಸಿನ-ಕುಂಕುಮಕ್ಕೆ ಬಂದ ಹೆಂಗಸರಿಗೂ ಒಂದೊಂದು ಗಿಡ ಹೋಯಿತು. ಎಲ್ಲರೂ ಸಂತೋಷಪಟ್ಟರು. ಆಷಾಢದ ಒಂದು ರಾತ್ರಿ ಮಳೆ ಜಡಿದು ತೊಟ್ಟಿ ತುಂಬಿ ಹರಿಯಿತು. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಗಿಡಗಳು ಮೋರಿಯ ದಾರಿ ಹಿಡಿದು ಹೋಗಿದ್ದವು. ನಮ್ಮ ಮೋರಿ ಸೇರುವುದು ನಾಲೆಯನ್ನು, ನಾಲೆ ಸೇರುವುದು ನದಿಯನ್ನು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನಮಗೆ ಅಂದು ಆದ ನಾಚಿಕೆ ಇಷ್ಟೆಂದು ಹೇಳಲಾಗದು. ಆ ಮೇಲೆ ಈ ಗಿಡದ ಪೂರ್ವೋತ್ತರವನ್ನು ಹುಡುಕಿ ಓದಿದೆವು. ನಮ್ಮ ತೊಟ್ಟಿಯ ಕಥೆಯೇ ಒಂದೂವರೆ ಶತಮಾನದಿಂದ ಭೂಮಂಡಲದ ಉದ್ದಗಲಕ್ಕೂ ನಡೆದುಬಂದಿದೆ ಎಂದು ಆಗ ತಿಳಿಯಿತು.

ಜಲಪರ್ಣಿಯ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. 1817ರಿಂದ 1820ರವರೆಗೆ ಬ್ರೆಜಿಲ್‌ನಲ್ಲಿ ಸಂಚರಿಸಿದ ಜರ್ಮನ್ ಸಸ್ಯಶಾಸ್ತ್ರಜ್ಞ ಮಾರ್ಟಿಯಸ್ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದರು. ಮುಂದೆ ಇದಕ್ಕೆ ಐಕಾರ್ನಿಯ ಎಂಬ ಹೆಸರು ಬಂದಿತು. ಐಕಾರ್ನ್ ಎಂಬಾತ ಪ್ರಷ್ಯಾದ ಒಬ್ಬ ಮಂತ್ರಿ. ತನ್ನ ಹೆಸರು ಒಂದು ಚೆಲುವಾದ ಹೂವಿಗೆ ಅಂಟಿತೆಂದು ಆತ ಹಿಗ್ಗಿದ್ದರೆ ಆಶ್ಚರ್ಯವಿಲ್ಲ. ಅದು ಮುಂದೆ ನಾನಾ ದೇಶಗಳವರ ಶಾಪಕ್ಕೆ ಗುರಿಯಾದೀತೆಂದು ಯಾರು ಕಂಡಿದ್ದರು? ಕನ್ನಡದಲ್ಲಿ ಇದನ್ನು ಅನೇಕರು ಅಂತರಗಂಗೆ ಎನ್ನುತ್ತಾರೆ. ಸರಿಯಾಗಿ ನೋಡಿದರೆ ಆ ಹೆಸರು ಸಲ್ಲಬೇಕಾದದ್ದು ಎಲೆಕೋಸಿನಂತೆ ಕಾಣುವ ಇನ್ನೊಂದು ತೇಲುಗಿಡಕ್ಕೆ.

ಜಲಪರ್ಣಿಯ ಎಲೆಯ ತೊಟ್ಟು ಬುರುಡೆಯಂತೆ ಊದಿಕೊಂಡು ಗಾಳಿ ತುಂಬಿರುತ್ತದೆ. ಗಿಡ ಮುಳುಗದಿರಲು ಇದೇ ಕಾರಣ. ಬುಡದಿಂದ ಹೊರಟ ಬಳ್ಳಿಯ ತುದಿಯಲ್ಲಿ ಮರಿಗಿಡ, ಆ ಮರಿಗೆ ಮತ್ತೊಂದು ಮರಿ. ನೀರು ಬೆಚ್ಚಗಿದ್ದು ಸಾರವತ್ತಾಗಿದ್ದರೆ ಒಂದೆರಡು ವಾರಗಳಲ್ಲಿ ಗಿಡಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಇದಲ್ಲದೆ ಕೆಸರಿನಲ್ಲಿ ಬಿದ್ದ ಬೀಜ ಹತ್ತು ಹದಿನೈದು ವರ್ಷಗಳಾದರೂ ಮೊಳೆಯಬಲ್ಲದು. ಇಷ್ಟೆಲ್ಲ ಇದ್ದರೂ ಸಮುದ್ರ ದಾಟುವ ಶಕ್ತಿ ಈ ಗಿಡಕ್ಕಿಲ್ಲ. ಉಪ್ಪುನೀರು ಇದಕ್ಕೆ ಆಗದು. ಇದನ್ನು ಸಮುದ್ರ ದಾಟಿಸಿದ್ದು ಮನುಷ್ಯನ ಕೈ.

1884ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಂದು ದೊಡ್ಡ ಹತ್ತಿ ಪ್ರದರ್ಶನ ಆರಂಭವಾಯಿತು. ಅಲ್ಲಿಗೆ ಬಂದವರಿಗೆ ಈ ಗಿಡವನ್ನು ನೆನಪಿನ ಕಾಣಿಕೆಯಾಗಿ ಹಂಚಿದರೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಫ್ಲಾರಿಡದ ಸಂಗತಿಗೆ ಸರ್ಕಾರದ ದಾಖಲೆಯೇ ಉಂಟು. 1890ರ ಸುಮಾರಿಗೆ ಸೇಂಟ್ ಜಾನ್ಸ್ ನದಿಯ ದಡದಲ್ಲಿ, ಪಲಾಟ್ಕಾ ಊರಿನ ಹತ್ತಿರ, ಒಂದು ಮನೆಯ ಕೊಳದಲ್ಲಿ ಗಿಡ ಹೆಚ್ಚಾಯಿತು. ಹೆಚ್ಚಾದುದನ್ನು ನದಿಗೆ ಹಾಕಿದರು. ಹತ್ತು ವರ್ಷ ಕಳೆಯುವುದರೊಳಗೆ ಹಡಗುಗಳ ಓಡಾಟಕ್ಕೇ ಅಡ್ಡಿಯಾಯಿತು. 1897ರಲ್ಲಿ ಕೃಷಿ ಇಲಾಖೆಯ ವೆಬರ್ ಎಂಬ ವಿಜ್ಞಾನಿ ಈ ಬಗ್ಗೆ ವರದಿ ಬರೆದರು. 1899ರಲ್ಲಿ ಗಿಡವನ್ನು ತೆಗೆಸುವ ಕೆಲಸಕ್ಕೆ ಅಲ್ಲಿನ ಕಾಂಗ್ರೆಸ್ ಸಭೆ ಮಂಜೂರಾತಿ ನೀಡಿತು. 1910ರಲ್ಲಂತೂ ಲೂಸಿಯಾನದ ಪ್ರತಿನಿಧಿ ಬ್ರೂಸಾರ್ಡ್ ಎಂಬವರು ಆಫ್ರಿಕದಿಂದ ನೀರುಕುದುರೆಗಳನ್ನು ತರಿಸುವ ಮಸೂದೆಯನ್ನೇ ಮಂಡಿಸಿದರು. ಅವು ಗಿಡವನ್ನು ತಿನ್ನಲಿ, ಅವುಗಳ ಮಾಂಸ ಜನಕ್ಕಾಗಲಿ ಎಂಬ ಲೆಕ್ಕ! ಪುಣ್ಯಕ್ಕೆ ಆ ಮಸೂದೆ ಅಂಗೀಕಾರವಾಗಲಿಲ್ಲ.

ನಮ್ಮ ದೇಶಕ್ಕೆ ಈ ಗಿಡ ಬಂದದ್ದು ಬಂಗಾಳದ ಮೂಲಕ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ತಂದವರು ಯಾರೆಂಬುದಕ್ಕೆ ಎರಡು ಮೂರು ಕಥೆಗಳಿವೆ. ಒಂದೊಂದರಲ್ಲಿ ಒಬ್ಬೊಬ್ಬರ ಹೆಸರು. ಆದರೆ ಎಲ್ಲ ಕಥೆಗಳಲ್ಲೂ ಹೂವಿನ ಚೆಲುವಿಗೆ ಮನಸೋತ ಕಣ್ಣೊಂದಿದೆ. ನದಿ, ಕಾಲುವೆ, ಹೊಂಡಗಳಿಂದಲೇ ಕೂಡಿದ ಪೂರ್ವ ಬಂಗಾಳದಲ್ಲಿ ದೋಣಿಯೇ ಬಂಡಿ, ನೀರೇ ರಸ್ತೆ. ಅಲ್ಲಿ ಕಚುರಿಪಾನ ಎಂದು ಹೆಸರಾದ ಈ ಗಿಡ ದೋಣಿಗಳ ದಾರಿ ಕಟ್ಟಿತು. ಪ್ರವಾಹದೊಡನೆ ತೇಲಿಬಂದು ನಿಂತ ಭತ್ತವನ್ನು ಒರಗಿಸಿ ಕೆಡವಿತು. ಮೀನುಗಾರನ ಬಲೆಗೂ ಅಡ್ಡ ಬಂದಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜನ ಇದನ್ನು 'ಜರ್ಮನಿ ಪಾನ' ಎಂದು ಕರೆದರಂತೆ. ಶತ್ರುವಿನ ಹೆಸರಿಡುವಷ್ಟು ರೋಸಿಹೋಗಿದ್ದರು.

1921ರಲ್ಲಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಸಸ್ಯಗಳ ನಾಡಿಮಿಡಿತವನ್ನು ಜಗತ್ತಿಗೆ ತೋರಿಸಿಕೊಟ್ಟ ಮಹಾನುಭಾವರು ಒಂದು ಸಸ್ಯವನ್ನು ಕೊಲ್ಲುವ ಬಗೆಯನ್ನು ಯೋಚಿಸಬೇಕಾಗಿ ಬಂದದ್ದು ವಿಧಿಯ ವಿನೋದವೇ ಸರಿ. 1936ರ ಬಂಗಾಳದ ಶಾಸನವು ತನ್ನ ಜಮೀನಿನಲ್ಲಿ ಈ ಗಿಡವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. 1937ರ ಚುನಾವಣೆಯಲ್ಲಿ ಕಚುರಿಪಾನದ ನಿರ್ಮೂಲನ ರಾಜಕೀಯ ಪಕ್ಷಗಳ ಆಶ್ವಾಸನೆಗಳಲ್ಲಿ ಸೇರಿತು. ಗೆದ್ದು ಮುಖ್ಯಮಂತ್ರಿಯಾದ ಫಜಲುಲ್ ಹಕ್ಕರ ಕಾಲದಲ್ಲಿ, 1939ರಲ್ಲಿ, ಅದಕ್ಕೆಂದೇ ಒಂದು ಸಪ್ತಾಹ ನಡೆಯಿತು. ಗಿಡ ಮಾತ್ರ ಉಳಿಯಿತು. ಕೊನೆಗೆ ರೈತರೇ ಅದರೊಡನೆ ರಾಜಿಯಾದರು. ನೀರಿನಲ್ಲಿ ಮುಳುಗುವ ಸೀಮೆಗಳಲ್ಲಿ ಗಿಡವನ್ನು ರಾಶಿಹಾಕಿ ತೇಲುವ ಪಾತಿ ಮಾಡಿ, ಅದರ ಮೇಲೆ ತರಕಾರಿ ಬೆಳೆದರು. ಬಾಂಗ್ಲಾದೇಶದ ಈ ತೇಲುತೋಟಗಳನ್ನು 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೃಷಿಪರಂಪರೆಯೆಂದು ಮನ್ನಿಸಿತು.

ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಭಾಗ ಇನ್ನು ಮುಂದಿದೆ. ಗಿಡ ತನ್ನ ತವರಿನಲ್ಲಿ ಇಷ್ಟು ಉಪದ್ರವ ಕೊಡದಿರಲು ಒಂದು ಕಾರಣ, ಅಲ್ಲಿ ಅದನ್ನು ತಿನ್ನುವ ಕೀಟಗಳಿರುವುದು. ಕಾಣಿಕೆ ಕೊಟ್ಟವರು ಗಿಡವನ್ನು ಕೊಟ್ಟರೇ ಹೊರತು ಕೀಟವನ್ನು ಕೊಡಲಿಲ್ಲ! ಅರ್ಜೆಂಟೀನದಲ್ಲಿ ಪರೀಕ್ಷಿಸಿದ ಒಂದು ಜಾತಿಯ ಮೂತಿಹುಳುವನ್ನು 1972ರಲ್ಲಿ ಫ್ಲಾರಿಡದಲ್ಲಿ ಬಿಟ್ಟರು. 1982ರಲ್ಲಿ ಅದು ಬೆಂಗಳೂರಿಗೆ ಬಂದಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಇದು ನಮ್ಮ ಬೆಳೆಗಳಿಗೆ ಬಾಯಿ ಹಾಕೀತೇ ಎಂದು ಮೊದಲು ಪರೀಕ್ಷಿಸಿ ನೋಡಿದರು. ಆ ಮೇಲೆಯೇ ಬೆಂಗಳೂರಿನ ಸುತ್ತಣ ಕೆರೆಗಳಲ್ಲಿ ಅದನ್ನು ಬಿಟ್ಟದ್ದು. ಕೆಲವು ವರ್ಷಗಳಲ್ಲಿ ಹಲವು ಕೆರೆಗಳ ಹಸಿರು ಹೊದಿಕೆ ಸರಿದು ನೀರು ಕಂಡಿತು.

ಅದೇ ಕಾಲದಲ್ಲಿ ಅದೇ ಸಂಸ್ಥೆಯವರು ಸಾಲ್ವೀನಿಯ ಎಂಬ ಇನ್ನೊಂದು ತೇಲುಗಿಡಕ್ಕೂ ಮದ್ದು ಹುಡುಕಿದರು. ಕೇರಳದ ಹಿನ್ನೀರಿನವರನ್ನು 'ಆಫ್ರಿಕನ್ ಪಾಯಲ್' ಎಂಬ ಹೆಸರಿನಿಂದ ಕಾಡಿದ್ದು ಇದೇ. ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಇದು ತುಂಬಿ ನೈದಿಲೆಯನ್ನು ಅಡಗಿಸಿಬಿಟ್ಟಿತ್ತು. 1983ರಲ್ಲಿ ಆಸ್ಟ್ರೇಲಿಯದಿಂದ ತರಿಸಿದ ಚಿಕ್ಕ ಮೂತಿಹುಳುವನ್ನು ಅಲ್ಲಿ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯ ಕೊಳೆತು ತಳ ಸೇರಿತು. ನೈದಿಲೆ ಮತ್ತೆ ತಲೆಯೆತ್ತಿತು. ಆ ಮೇಲೆ ಹುಳು ಕೇರಳದ ಕುಟ್ಟನಾಡಿಗೂ ಹೋಗಿ ಕಾಲುವೆಗಳನ್ನು ಬಿಡಿಸಿತು.

ಗಿಡವನ್ನು ದೇಶ ದಾಟಿಸುವಾಗ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಚೆಂದವಿದೆ, ತೆಗೆದುಕೊಳ್ಳಿ ಎಂದರು, ಅಷ್ಟೆ. ಹುಳುವನ್ನು ತರುವಾಗ ನೂರು ಪ್ರಶ್ನೆ ಕೇಳಿದರು. ಆ ನೂರು ಪ್ರಶ್ನೆಗಳಲ್ಲಿ ಒಂದನ್ನಾದರೂ ಮೊದಲೇ ಕೇಳಿದ್ದರೆ ಹುಳು ತರುವ ಕಷ್ಟವೇ ಇರುತ್ತಿರಲಿಲ್ಲ. ಹುಳುವಾದರೂ ಎಲ್ಲ ಕಡೆಯೂ ಗೆಲ್ಲಲಾರದು. ಊರಿನ ಚರಂಡಿಯೆಲ್ಲ ಬಂದು ಬೀಳುವ ನೀರಿನಲ್ಲಿ, ಹುಳು ತಿನ್ನುವ ವೇಗಕ್ಕಿಂತ ಗಿಡ ಬೆಳೆಯುವ ವೇಗವೇ ಮುಂದಾಗಿಬಿಡುತ್ತದೆ. ಜಲಪರ್ಣಿಗೆ ನಾವು ಹೊರಗಿನಿಂದ ಗೊಬ್ಬರ ಹಾಕುತ್ತಿಲ್ಲವೆಂದುಕೊಂಡಿದ್ದೇವೆ, ದಿನವೂ ಹಾಕುತ್ತಿದ್ದೇವೆ.

ಹಿತ್ತಿಲಲ್ಲೋ ಮಾಳಿಗೆಯಲ್ಲೋ ಪುಟ್ಟ ಕೊಳ ಮಾಡಿಕೊಂಡಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಗಿಡ ಕೊಡುವುದೂ ತೆಗೆದುಕೊಳ್ಳುವುದೂ ಒಳ್ಳೆಯ ಸಂಪ್ರದಾಯ, ಅದು ನಿಲ್ಲಬಾರದು. ಆದರೆ ನಮ್ಮ ನಾಡಿನದೇ ಆದ ನೈದಿಲೆ, ತಾವರೆಗಳ ಗೆಡ್ಡೆಯನ್ನು ಕೊಡೋಣ. ಈಗಾಗಲೇ ಜಲಪರ್ಣಿ ಇದ್ದರೆ ಹೂಬಿಡುವ ಮೊದಲೇ ತೆಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕೋಣ. ಮೋರಿಗೆ ಮಾತ್ರ ಬೇಡ. ನಮ್ಮ ತೊಟ್ಟಿಯಲ್ಲಿ ಈಗ ಒಂದು ಬಿಳಿ ನೈದಿಲೆ ಇದೆ. ಹಿಂದೆ ಜಲಪರ್ಣಿ ಕೊಟ್ಟಿದ್ದ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ, ತಪ್ಪೊಪ್ಪಿಕೊಂಡು, ಅದನ್ನು ವಾಪಸು ಕೇಳಿ ತಂದೆವು. ಕೊಟ್ಟ ಕಾಣಿಕೆಯನ್ನು ಮರಳಿ ಕೇಳುವುದು ಸಂಕೋಚದ ಕೆಲಸವೇ. ಎರಡು ಮನೆಗಳಲ್ಲಿ ಮಾತ್ರ, "ಅದು ಆಗಲೇ ಹೆಚ್ಚಾಗಿ ಬೇರೆಯವರಿಗೆ ಕೊಟ್ಟೆವಲ್ಲ!" ಎಂಬ ಉತ್ತರ ಬಂದಿತು.