ಬಾಹ್ಯಾರ್ಥದ ಸತ್ಯತೆ ಮತ್ತು ಅಹಿಂಸೆ

ಕಣ್ಣಿಗೆ ತೋರುವ ಗಡಿಗೆ, ಬಟ್ಟೆ, ಬೆಟ್ಟಗಳು ಅರಿವಿನ ಹೊರಗೆ ಸ್ವತಂತ್ರವಾಗಿ ಇವೆಯೇ? ಅಥವಾ ಅರಿವೇ ಆಯಾ ಆಕಾರಗಳನ್ನು ತಾಳಿ ಹೊರಗಿರುವಂತೆ ಭಾಸವಾಗುತ್ತದೆಯೇ? ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆ ಇದು. ಮೇಲ್ನೋಟಕ್ಕೆ ಇದು ಪಂಡಿತರ ಬುದ್ಧಿವಿನೋದವೆಂದು ತೋರಬಹುದು. ಆದರೆ ಜೈನಾಚಾರ್ಯರು ಈ ಪ್ರಶ್ನೆಗೆ ಮತ್ತೆ ಮತ್ತೆ ಮರಳಿದ್ದಾರೆ. ಜೀವವೆಂಬುದು ಇನ್ನೊಬ್ಬರ ಕಲ್ಪನೆಗೆ ಅಧೀನವಲ್ಲದ ಸತ್ಯವಸ್ತುವಾದರೆ ಮಾತ್ರ ಅದರ ರಕ್ಷಣೆ ಧರ್ಮವಾಗಬಲ್ಲದು. ಆದುದರಿಂದ ಅಹಿಂಸೆಯ ನೆಲೆಯೇ ಈ ವಾದದಲ್ಲಿ ಅಡಗಿದೆ.

ಬಾಹ್ಯಾರ್ಥವನ್ನು ನಿರಾಕರಿಸಿದವರಲ್ಲಿ ಅಗ್ರಗಣ್ಯರು ಬೌದ್ಧರ ವಿಜ್ಞಾನವಾದಿಗಳು. ವಸುಬಂಧು ತನ್ನ ‘ವಿಂಶತಿಕಾ’ ಗ್ರಂಥದಲ್ಲಿ ಕನಸಿನ ದೃಷ್ಟಾಂತವನ್ನು ಕೊಡುತ್ತಾನೆ. ಕನಸಿನಲ್ಲಿ ಕಂಡ ಊರು, ತೋಟ, ಜನರು ಹೊರಗೆ ಇಲ್ಲದಿದ್ದರೂ ಕಾಣುತ್ತಾರೆ. ಕಣ್ಣಿನ ದೋಷವುಳ್ಳವನಿಗೆ ಇಲ್ಲದ ಕೂದಲೆಳೆಗಳು ತೋರುತ್ತವೆ. ಎಚ್ಚರದ ಜಗತ್ತೂ ಹಾಗೆಯೇ ಏಕಾಗಬಾರದು ಎಂಬುದು ಅವನ ವಾದ. ಅನಂತರ ಬಂದ ಧರ್ಮಕೀರ್ತಿ ಇದಕ್ಕೆ ತರ್ಕದ ಬಿಗಿಯನ್ನು ಒದಗಿಸಿದನು. ನೀಲವರ್ಣವೂ ನೀಲದ ಅರಿವೂ ಯಾವಾಗಲೂ ಜೊತೆಯಾಗಿಯೇ ತೋರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಂಡವರಿಲ್ಲ. ಆದುದರಿಂದ ಅವುಗಳಿಗೆ ಭೇದವಿಲ್ಲ ಎಂದು ಅವನು ವಾದಿಸಿದನು. ಇದೇ ‘ಸಹೋಪಲಂಭನಿಯಮ’ವೆಂದು ಪ್ರಸಿದ್ಧವಾಯಿತು.

ಈ ವಾದಕ್ಕೆ ಎದುರಾದ ಅತ್ಯಂತ ಕಠಿಣ ಆಕ್ಷೇಪವನ್ನು ವಸುಬಂಧುವೇ ತನ್ನ ಗ್ರಂಥದಲ್ಲಿ ಎತ್ತಿಕೊಂಡಿದ್ದಾನೆ. ಶರೀರವೇ ಇಲ್ಲವೆಂದಾದರೆ ಕುರಿಯನ್ನು ಕೊಂದ ಕಟುಕನಿಗೆ ಪಾಪವೆಲ್ಲಿಯದು? ಒಬ್ಬನ ವಿಜ್ಞಾನವು ಇನ್ನೊಂದು ಚಿತ್ತಸಂತಾನದಲ್ಲಿ ವಿಕಾರವನ್ನುಂಟುಮಾಡಿ ಅದರ ಪ್ರವಾಹವನ್ನು ಕಡಿಯುತ್ತದೆ, ಅದೇ ಮರಣ ಎಂಬುದು ಅವನ ಸಮಾಧಾನ. ಋಷಿಗಳ ಮನಸ್ಸಿನ ಕೋಪದಿಂದಲೇ ದಂಡಕಾರಣ್ಯವು ಬರಿದಾಯಿತೆಂಬ ಪ್ರಸಿದ್ಧ ಕಥೆಯನ್ನು ಅವನು ಇದಕ್ಕೆ ಸಾಕ್ಷಿಯಾಗಿ ಉದಾಹರಿಸುತ್ತಾನೆ. ವಿಜ್ಞಾನವಾದಿಗಳು ಹಿಂಸೆಯನ್ನು ಲಘುವಾಗಿ ಕಂಡವರಲ್ಲವೆಂಬುದನ್ನು ಇಲ್ಲಿ ನ್ಯಾಯವಾಗಿ ಒಪ್ಪಬೇಕು. ಆದರೂ ಸಮಾಧಾನವು ಪೂರ್ಣವಾಗಲಿಲ್ಲ. ಕುರಿಯ ಚಿತ್ತಸಂತಾನವು ಕಟುಕನ ಅರಿವಿನಿಂದ ಬೇರೆಯಾಗಿದೆ ಎಂದು ಒಪ್ಪಿದ ಮೇಲೆ, ಅರಿವಿನ ಹೊರಗೆ ಸತ್ಯವಾದುದೊಂದಿದೆ ಎಂದು ಒಪ್ಪಿದಂತಾಯಿತು. ಧರ್ಮಕೀರ್ತಿಯು ಪರಚಿತ್ತದ ಅಸ್ತಿತ್ವವನ್ನು ಸಾಧಿಸಲು ‘ಸಂತಾನಾಂತರಸಿದ್ಧಿ’ ಎಂಬ ಪ್ರತ್ಯೇಕ ಗ್ರಂಥವನ್ನೇ ಬರೆಯಬೇಕಾಯಿತು. ಕುರಿಯ ವೇದನೆಯನ್ನು ತಿಳಿಯಲು ಅದರ ಕೂಗು, ನಡುಕ, ಶರೀರಚೇಷ್ಟೆಗಳಲ್ಲದೆ ಸಾಮಾನ್ಯ ಮನುಷ್ಯನಿಗೆ ಬೇರೆ ಸಾಧನವಿಲ್ಲ. ಅವೆಲ್ಲವೂ ಸ್ವಪ್ನಸಮಾನವೆಂದರೆ ಆ ಅನುಮಾನದ ಆಧಾರವೇ ಕುಸಿಯುತ್ತದೆ.

ಆಚಾರ್ಯ ಸಮಂತಭದ್ರರು 114 ಕಾರಿಕೆಗಳ ‘ಆಪ್ತಮೀಮಾಂಸೆ’ಯ ಏಳನೆಯ ಪರಿಚ್ಛೇದವನ್ನು ಈ ವಿಚಾರಕ್ಕೇ ಮೀಸಲಿಟ್ಟಿದ್ದಾರೆ. ಅಂತರಂಗದ ಅರ್ಥವೊಂದೇ ಸತ್ಯವೆಂಬ ಏಕಾಂತವನ್ನು ಹಿಡಿದರೆ ಎಲ್ಲ ಬುದ್ಧಿಯೂ ಎಲ್ಲ ವಾಕ್ಯವೂ ಮಿಥ್ಯೆಯಾಗುತ್ತದೆ. ಆ ಏಕಾಂತವನ್ನು ಸ್ಥಾಪಿಸುವ ವಾಕ್ಯವೂ ಅದರಲ್ಲಿ ಸೇರಿಹೋಗುತ್ತದೆ. ಪ್ರಮಾಣವೇ ಇಲ್ಲದಿದ್ದರೆ ಪ್ರಮಾಣಾಭಾಸವೆಂಬ ಮಾತಿಗೂ ಅರ್ಥವಿಲ್ಲ. ಕನಸನ್ನು ಸುಳ್ಳೆಂದು ಹೇಳಲು ಎಚ್ಚರದ ಅರಿವನ್ನು ನಂಬಲೇಬೇಕು.

ಆದರೆ ಸಮಂತಭದ್ರರು ಇಷ್ಟಕ್ಕೇ ನಿಲ್ಲಲಿಲ್ಲವೆಂಬುದು ಗಮನಾರ್ಹ. ಬಹಿರಂಗದ ಅರ್ಥವೊಂದೇ ಸತ್ಯವೆಂಬ ವಿರುದ್ಧ ಏಕಾಂತವನ್ನೂ ಅವರು ನಿರಾಕರಿಸುತ್ತಾರೆ. ತೋರಿದ್ದೆಲ್ಲವೂ ಹೊರಗಿನ ವಸ್ತುವೇ ಎಂದರೆ ಭ್ರಮೆಗೆ ಎಡೆಯೇ ಉಳಿಯುವುದಿಲ್ಲ. ಪರಸ್ಪರ ವಿರುದ್ಧವಾದ ಮಾತುಗಳೆಲ್ಲವೂ ಏಕಕಾಲದಲ್ಲಿ ನಿಜವಾಗಬೇಕಾಗುತ್ತದೆ. ಅವರ ನಿರ್ಣಯವು ಸಮನ್ವಯದ್ದು: ಹಗ್ಗವನ್ನು ಹಾವೆಂದು ಕಂಡವನಿಗೆ ಅರಿವು ಉಂಟಾದದ್ದು ಸತ್ಯ, ಆ ದೃಷ್ಟಿಯಿಂದ ಅಲ್ಲಿ ಭ್ರಮೆಯಿಲ್ಲ, ಹೊರಗಿನ ವಸ್ತುವಿನ ದೃಷ್ಟಿಯಿಂದ ಅದೇ ಅರಿವು ಪ್ರಮಾಣವೋ ಆಭಾಸವೋ ಎಂದು ಪರೀಕ್ಷೆಗೆ ಒಳಪಡುತ್ತದೆ.

ಕ್ರಿ.ಶ. 8ನೆಯ ಶತಮಾನದಲ್ಲಿ ಭಟ್ಟಾಕಲಂಕರು ‘ಅಷ್ಟಶತಿ’ಯೆಂಬ ವ್ಯಾಖ್ಯಾನದಿಂದ ಈ ಸರಣಿಯನ್ನು ಬೆಳೆಸಿದರು, ಮುಂದೆ ವಿದ್ಯಾನಂದರು ಅದನ್ನು ‘ಅಷ್ಟಸಹಸ್ರಿ’ಯಾಗಿ ವಿಸ್ತರಿಸಿದರು. ಸಹೋಪಲಂಭನಿಯಮವು ಜೈನ ತಾರ್ಕಿಕರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ‘ಜೊತೆ’ ಎಂಬ ಮಾತೇ ಎರಡನ್ನು ಅಪೇಕ್ಷಿಸುತ್ತದೆ. ಬೆಳಕಿನ ಜೊತೆಯಲ್ಲದೆ ಬಣ್ಣವು ಕಣ್ಣಿಗೆ ಕಾಣದು. ಅಷ್ಟರಿಂದ ಬೆಳಕೇ ಬಣ್ಣವಾಗದು. ಅಕಲಂಕರ ವಚನಗಳನ್ನು ಆಧರಿಸಿ ‘ಪರೀಕ್ಷಾಮುಖ’ವನ್ನು ರಚಿಸಿದ ಮಾಣಿಕ್ಯನಂದಿಗಳು ದೀಪದ ಉಪಮೆಯನ್ನು ಬಳಸಿದ್ದಾರೆ. ದೀಪವು ಗಡಿಗೆಯಿಂದ ಹುಟ್ಟಿದುದಲ್ಲ, ಆದರೂ ಗಡಿಗೆಯನ್ನು ಬೆಳಗುತ್ತದೆ. ಅದು ಗಡಿಗೆಯನ್ನು ಹುಟ್ಟಿಸುವುದೂ ಇಲ್ಲ. ಜ್ಞಾನವೂ ಹಾಗೆಯೇ ತನ್ನನ್ನೂ ಪರವಸ್ತುವನ್ನೂ ಬೆಳಗುತ್ತದೆ. ಕೇವಲಜ್ಞಾನಿಯಾದರೂ ಸಕಲ ದ್ರವ್ಯಪರ್ಯಾಯಗಳನ್ನು ತಿಳಿಯುತ್ತಾನೆಯೇ ಹೊರತು ಸೃಷ್ಟಿಸುವುದಿಲ್ಲ.

ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿಯೆಂಬ ಶಾಸನವಿದೆ. ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದ ಅಕಲಂಕರ ಕೀರ್ತಿಯನ್ನು ಅದು ಸಾರುತ್ತದೆ. ಘಟವನ್ನು ಕಾಲಿನಿಂದ ಒಡೆದರೆಂಬ ಕಥೆಯು ಲೋಕಪ್ರಸಿದ್ಧವಾದುದು. ಆದರೆ ಶಾಸನದ ನಿಜವಾದ ತಿರುಳು ಬೇರೆಡೆ ಇದೆ. ಅಹಂಕಾರದಿಂದಾಗಲಿ ದ್ವೇಷದಿಂದಾಗಲಿ ಅಲ್ಲ, ನೈರಾತ್ಮ್ಯವನ್ನು ನಂಬಿ ಕೆಡುತ್ತಿರುವ ಜನರ ಮೇಲಿನ ಕರುಣೆಯಿಂದ ತಾವು ವಾದಕ್ಕಿಳಿದುದಾಗಿ ಅಕಲಂಕರೇ ಹೇಳಿದಂತೆ ಅಲ್ಲಿ ನಿರೂಪಿತವಾಗಿದೆ. ಎದುರಾಳಿಯೂ ಸತ್ಯವಾದ ಜೀವವೆಂದು ತಿಳಿದವನಿಗೆ ಮಾತ್ರ ಇಂಥ ವಾದ ಸಾಧ್ಯ.

ಈ ಗ್ರಂಥಗಳ ಉಳಿವಿನ ಚರಿತ್ರೆಯೂ ಬೋಧಪ್ರದವಾದುದು. ಅಕಲಂಕರ ‘ಸಿದ್ಧಿವಿನಿಶ್ಚಯ’ದ ಮೂಲವು ಲುಪ್ತವಾಗಿತ್ತು. ಪಂಡಿತ ಮಹೇಂದ್ರಕುಮಾರರು ಅನಂತವೀರ್ಯರ ಟೀಕೆಯ ಹಸ್ತಪ್ರತಿಯಿಂದ ಅದನ್ನು ಪುನಃ ಸಂಯೋಜಿಸಿದರು. 1959ರಲ್ಲಿ ಭಾರತೀಯ ಜ್ಞಾನಪೀಠವು ಅದನ್ನು ಪ್ರಕಟಿಸಿತು. ಮಹಾಚಿಂತನೆಯೂ ಹುಳು ತಿನ್ನಬಹುದಾದ ಹಸ್ತಪ್ರತಿಯೊಂದನ್ನು ಆಶ್ರಯಿಸಿ ಬದುಕಿತು. ಹಳೆಯ ಗ್ರಂಥಗಳ ಕಟ್ಟುಗಳನ್ನು ಕಾಯುತ್ತಿರುವ ಬಸದಿಗಳ ಆಡಳಿತ ಮಂಡಳಿಗಳು ಇದನ್ನು ಮರೆಯಲಾಗದು. ಶ್ರುತಪೂಜೆಯ ಭಕ್ತಿಯು ಎಷ್ಟೇ ನಿರ್ಮಲವಾಗಿದ್ದರೂ ಕಪಾಟಿನೊಳಗೆ ತೇವ ತಗುಲಿದ ಗರಿಯನ್ನು ಅದೊಂದೇ ಉಳಿಸದು.

ಶ್ರಾವಕರ ನಿತ್ಯಜೀವನದಲ್ಲಿಯೂ ಈ ಎರಡು ಏಕಾಂತಗಳು ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಭಾವ ಶುದ್ಧವಾಗಿದ್ದರೆ ಸಾಕು, ನೀರನ್ನು ಸೋಸುವುದು, ನೆಲ ನೋಡಿ ನಡೆಯುವುದು ಏತಕ್ಕೆ ಎನ್ನುವವರಿದ್ದಾರೆ. ಬಾಹ್ಯಾಚಾರ ತಪ್ಪದಿದ್ದರೆ ಸಾಕು, ಮನದ ಕಷಾಯಗಳ ಚಿಂತೆ ಏತಕ್ಕೆ ಎನ್ನುವವರೂ ಇದ್ದಾರೆ. ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣದಲ್ಲಿ ಎರಡು ಅಂಶಗಳನ್ನೂ ಕೂಡಿಸಿದೆ: ಒಳಗಿನ ಪ್ರಮಾದ ಮತ್ತು ಹೊರಗಿನ ಪ್ರಾಣಘಾತ. ಪ್ರಮಾದವು ಕೊಲ್ಲುವವನ ಆತ್ಮವನ್ನು ಮೊದಲು ಕೆಡಿಸುತ್ತದೆ ಎಂಬುದು ಸತ್ಯ. ಹಾಗೆಂದು, ಸೋಸದ ನೀರಿನಲ್ಲಿರುವ ಸೂಕ್ಷ್ಮಜೀವವು ಕುಡಿಯುವವನಿಗೆ ಅರಿವಿಲ್ಲವೆಂಬ ಕಾರಣದಿಂದ ಇಲ್ಲವಾಗುವುದಿಲ್ಲ. ಅದರ ಇರವು ಯಾರ ಅರಿವಿನ ಅನುಮತಿಯನ್ನೂ ಕಾಯುವುದಿಲ್ಲ. ಆದುದರಿಂದಲೇ ಅದನ್ನು ಅರಿಯುವ ಪ್ರಯತ್ನವು ಶ್ರಾವಕನ ಕರ್ತವ್ಯವಾಗುತ್ತದೆ.