ವಾಕ್ಸೆಲ್ ಕಲೆ

ವಾಕ್ಸೆಲ್ ಕಲೆ ಎಂದರೆ ಸಮಾನ ಗಾತ್ರದ ಸಣ್ಣ ಘನಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿಗಳನ್ನು ನಿರ್ಮಿಸುವ ಕಲೆ. ಚಿತ್ರದ ಅತಿ ಚಿಕ್ಕ ಬಿಂದುವನ್ನು ಪಿಕ್ಸೆಲ್ ಎನ್ನುವಂತೆ, ಘನಾಕೃತಿಯ ಅತಿ ಚಿಕ್ಕ ಅಂಶವನ್ನು ವಾಕ್ಸೆಲ್ ಎನ್ನುತ್ತಾರೆ. ಪಿಕ್ಸೆಲ್‌ಗೆ ಉದ್ದ ಮತ್ತು ಅಗಲ ಮಾತ್ರ ಇದ್ದರೆ ವಾಕ್ಸೆಲ್‌ಗೆ ಎತ್ತರವೂ ಇರುತ್ತದೆ. ವೈದ್ಯಕೀಯದ ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಇದೇ ಪರಿಕಲ್ಪನೆ ಬಳಕೆಯಲ್ಲಿದೆ. ಕಂಪ್ಯೂಟರ್ ಆಟಗಳಲ್ಲಿ, ಅದರಲ್ಲಿಯೂ ಆಟಗಾರರೇ ರೂಪಿಸುವ ಮಾರ್ಪಾಡುಗಳಲ್ಲಿ (ಇವುಗಳನ್ನು ಮಾಡ್ ಎಂದು ಕರೆಯುವುದು ರೂಢಿ), ಈ ಕಲೆ ವ್ಯಾಪಕವಾಗಿ ಬಳಕೆಯಾಗುತ್ತಿದೆ. ಉತ್ತರ ಯುರೋಪಿನ ವೈಕಿಂಗ್ ಅಥವಾ ನಾರ್ಸ್ ಜಗತ್ತು ಇಂತಹ ಮಾಡ್‌ಗಳ ಜನಪ್ರಿಯ ವಸ್ತುಗಳಲ್ಲಿ ಒಂದು.

ಹಿನ್ನೆಲೆ

1992ರಲ್ಲಿ ಬಿಡುಗಡೆಯಾದ ಕೊಮಾಂಚಿ ಎಂಬ ಹೆಲಿಕಾಪ್ಟರ್ ಆಟವು ಭೂದೃಶ್ಯವನ್ನು ತೋರಿಸಲು ವಾಕ್ಸೆಲ್ ತಂತ್ರವನ್ನು ಬಳಸಿತು. 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಸ್ವೀಡನ್ನಿನ ಮೈನ್‌ಕ್ರಾಫ್ಟ್ ಆಟವು ಘನಗಳಿಂದ ಜಗತ್ತನ್ನು ಕಟ್ಟುವ ಕಲ್ಪನೆಯನ್ನು ಮನೆಮಾತಾಗಿಸಿತು. ಸ್ವೀಡನ್ನಿನ ಮಾಲ್ಮೊ ನಗರದ ಟಕ್ಸೀಡೊ ಲ್ಯಾಬ್ಸ್ ಸಂಸ್ಥೆಯ ಟಿಯರ್‌ಡೌನ್ ಆಟ 2020ರಲ್ಲಿ ಆರಂಭಿಕ ರೂಪದಲ್ಲಿಯೂ 2022ರಲ್ಲಿ ಪೂರ್ಣರೂಪದಲ್ಲಿಯೂ ಪ್ರಕಟವಾಯಿತು. ಈ ಆಟದಲ್ಲಿ ಗೋಡೆ, ವಾಹನ, ಪೀಠೋಪಕರಣ ಎಲ್ಲವೂ ವಾಕ್ಸೆಲ್‌ಗಳಿಂದಲೇ ಆಗಿವೆ. ಆಟಗಾರರು ತಾವೇ ರಚಿಸಿದ ಮಾದರಿಗಳನ್ನು ಇದಕ್ಕೆ ಸೇರಿಸಬಹುದು.

ಸಾಧನಗಳು

ಮ್ಯಾಜಿಕಾವಾಕ್ಸೆಲ್ ಎಂಬ ಉಚಿತ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ. ಮುಕ್ತ ಆಕರದ ಗೊಕ್ಸೆಲ್, ಹಣ ಕೊಟ್ಟು ಪಡೆಯುವ ಕ್ಯೂಬಿಕಲ್ ಇತರ ತಂತ್ರಾಂಶಗಳು. ಮ್ಯಾಜಿಕಾವಾಕ್ಸೆಲ್‌ನಲ್ಲಿ ಒಂದು ಮಾದರಿಯ ಉದ್ದ, ಅಗಲ, ಎತ್ತರ ತಲಾ 256 ಕೋಶಗಳವರೆಗೆ ಇರಬಹುದು. ಅಂದರೆ ಒಂದು ಮಾದರಿಯಲ್ಲಿ ಗರಿಷ್ಠ 1,67,77,216 ಕೋಶಗಳಿಗೆ ಸ್ಥಳವಿದೆ. ಬಣ್ಣಫಲಕದಲ್ಲಿ 255 ಬಣ್ಣಗಳಿಗೆ ಅವಕಾಶವಿದೆ. ಘನ ಸೇರಿಸುವುದು, ಅಳಿಸುವುದು, ಬಣ್ಣ ಬಳಿಯುವುದು ಮೂಲ ಕ್ರಿಯೆಗಳು. ಒಂದು ಬದಿಯಲ್ಲಿ ಬಿಡಿಸಿದ್ದು ಇನ್ನೊಂದು ಬದಿಯಲ್ಲಿಯೂ ತಾನಾಗಿ ಮೂಡುವ ಪ್ರತಿಬಿಂಬ ಸೌಲಭ್ಯವೂ ಇದೆ.

ಅಳತೆ ಮತ್ತು ರಚನಾಕ್ರಮ

ಮಾದರಿ ರಚನೆಯ ಮೊದಲ ನಿರ್ಧಾರ ಅಳತೆಯದು. ಟಿಯರ್‌ಡೌನ್ ಆಟದಲ್ಲಿ ಒಂದು ವಾಕ್ಸೆಲ್‌ನ ಬದಿ ಸಾಮಾನ್ಯವಾಗಿ 10 ಸೆಂ.ಮೀ. ನಾರ್ವೆಯಲ್ಲಿ 1904-05ರಲ್ಲಿ ಉತ್ಖನನಗೊಂಡ ಓಸೆಬರ್ಗ್ ಹಡಗನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. 9ನೇ ಶತಮಾನದ ಈ ಹಡಗಿನ ಉದ್ದ ಸುಮಾರು 21.5 ಮೀಟರ್, ಅಗಲ ಸುಮಾರು 5 ಮೀಟರ್. ಆದ್ದರಿಂದ ಮಾದರಿಯಲ್ಲಿ ಅದು 215 ಕೋಶ ಉದ್ದ, 50 ಕೋಶ ಅಗಲವಾಗಿ ಒಂದೇ ಮಾದರಿಯ ಮಿತಿಯೊಳಗೆ ಅಡಗುತ್ತದೆ.

ತೊಡಕು ಸೂಕ್ಷ್ಮ ಭಾಗಗಳಲ್ಲಿ ತಲೆದೋರುತ್ತದೆ. ಹಡಗಿನ ಹಲಗೆಗಳ ದಪ್ಪ ಕೆಲವೇ ಸೆಂ.ಮೀ., ಆದರೆ ವಾಕ್ಸೆಲ್ 10 ಸೆಂ.ಮೀ.ಗಿಂತ ತೆಳ್ಳಗಾಗದು. ಹೀಗಾಗಿ ಹೊರಮೈ ಮೂಲಕ್ಕಿಂತ ದಪ್ಪವಾಗಿಯೇ ಕಾಣುತ್ತದೆ. ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುವುದು ವೈಕಿಂಗ್ ಹಡಗುಗಳ ವಿಶೇಷ. ಇದನ್ನು ಆಕಾರದಲ್ಲಿ ತೋರಿಸಲಾಗದಿದ್ದರೆ, ಕಂದು ಬಣ್ಣದ ಎರಡು ಛಾಯೆಗಳನ್ನು ಸಾಲು ಬಿಟ್ಟು ಸಾಲಿನಲ್ಲಿ ಬಳಸಿ ಸೂಚಿಸಬಹುದು. ಹಡಗಿನ ಎರಡು ಬದಿಗಳೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಪ್ರತಿಬಿಂಬ ಸೌಲಭ್ಯ ಅರ್ಧ ಶ್ರಮವನ್ನು ಉಳಿಸುತ್ತದೆ. ಆದರೆ ದಿಕ್ಕು ತಿರುಗಿಸುವ ಚುಕ್ಕಾಣಿ ಬಲಬದಿಯಲ್ಲಿ ಮಾತ್ರ ಇತ್ತು. ಪ್ರತಿಬಿಂಬವನ್ನು ನಿಲ್ಲಿಸದೆ ಅದನ್ನು ಬಿಡಿಸಿದರೆ ಹಡಗಿಗೆ ಎರಡು ಚುಕ್ಕಾಣಿಗಳಾಗುತ್ತವೆ.

ಟಿಯರ್‌ಡೌನ್ ಆಟದಲ್ಲಿ ಬಣ್ಣಫಲಕದ ಸ್ಥಾನವು ವಸ್ತುವಿನ ಗುಣವನ್ನೂ ನಿರ್ಧರಿಸುತ್ತದೆ. ಮರಕ್ಕೆ ಮೀಸಲಾದ ಸ್ಥಾನಗಳ ಬಣ್ಣ ಮರದಂತೆ ಮುರಿಯುತ್ತದೆ, ಲೋಹದ ಸ್ಥಾನಗಳ ಬಣ್ಣ ಲೋಹದಂತೆ ಗಟ್ಟಿಯಾಗಿರುತ್ತದೆ. ಕಣ್ಣಿಗೆ ಮರವಾಗಿ ಕಂಡ ಹಲಗೆ ಪೆಟ್ಟಿಗೆ ಜಗ್ಗದಿದ್ದರೆ, ಬಣ್ಣವನ್ನು ತಪ್ಪು ಸ್ಥಾನದಿಂದ ಆರಿಸಿರುವುದು ಅದಕ್ಕೆ ಕಾರಣವಾಗಿರಬಹುದು.

ಚಾರಿತ್ರಿಕ ನಿಷ್ಠೆ

ಕೆಲವೇ ಘನಗಳಲ್ಲಿ ಒಂದು ಕಾಲದ ಜೀವನವನ್ನು ಸೂಚಿಸಬೇಕಾದಾಗ ರಚನಕಾರರು ಸುಲಭವಾಗಿ ಗುರುತು ಸಿಗುವ ಚಿಹ್ನೆಗಳ ಮೊರೆಹೋಗುತ್ತಾರೆ. ಆ ಚಿಹ್ನೆಯೇ ಸುಳ್ಳಾಗಿದ್ದರೆ ಆಟ ಆಡಿದವರ ಮನಸ್ಸಿನಲ್ಲಿ ಸುಳ್ಳೇ ಚರಿತ್ರೆಯಾಗಿ ನಿಲ್ಲುತ್ತದೆ. ಕೊಂಬಿನ ಶಿರಸ್ತ್ರಾಣ ಇದಕ್ಕೆ ಪ್ರಸಿದ್ಧ ನಿದರ್ಶನ. ವೈಕಿಂಗ್ ಯೋಧರು ಇಂತಹ ಶಿರಸ್ತ್ರಾಣ ಧರಿಸುತ್ತಿದ್ದರು ಎಂಬುದಕ್ಕೆ ಪುರಾತತ್ತ್ವದ ಆಧಾರವಿಲ್ಲ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ನಡೆದ ವಾಗ್ನರನ ಸಂಗೀತ ನಾಟಕಗಳ ವೇಷಭೂಷಣದಿಂದ ಈ ಕಲ್ಪನೆ ಹೆಚ್ಚು ಪ್ರಚಾರ ಪಡೆಯಿತು. ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ದೊರೆತ 10ನೇ ಶತಮಾನದ ಶಿರಸ್ತ್ರಾಣವು ಗುಂಡನೆಯ ಟೊಪ್ಪಿಗೆಯಂತಿದ್ದು, ಅದಕ್ಕೆ ಕನ್ನಡಕದ ಚೌಕಟ್ಟನ್ನು ಹೋಲುವ ಕಣ್ಣುಕಾಪು ಇದೆ. ತಲೆಯ ಅಗಲ ಸುಮಾರು 20 ಸೆಂ.ಮೀ. ಎಂದು ಹಿಡಿದರೆ, 10 ಸೆಂ.ಮೀ. ಅಳತೆಯಲ್ಲಿ ಅದಕ್ಕೆ ಎರಡೇ ಕೋಶಗಳು ಸಿಗುತ್ತವೆ. ಕೋಶವನ್ನು 2 ಸೆಂ.ಮೀ.ಗೆ ಇಳಿಸಿದರೆ 10 ಕೋಶಗಳು ಸಿಕ್ಕಿ ಕಣ್ಣುಕಾಪನ್ನು ತೋರಿಸಲು ಸಾಧ್ಯವಾಗುತ್ತದೆ.

ರೂನ್ ಲಿಪಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹಳೆಯ ರೂನ್ ಮಾಲೆಯಲ್ಲಿ 24 ಅಕ್ಷರಗಳಿದ್ದರೆ, ವೈಕಿಂಗ್ ಕಾಲದಲ್ಲಿ ಬಳಕೆಯಲ್ಲಿದ್ದ ಮಾಲೆಯಲ್ಲಿ 16 ಅಕ್ಷರಗಳು ಮಾತ್ರ ಇದ್ದವು. ಕೆಲವು ರೂನ್ ಚಿಹ್ನೆಗಳನ್ನು 20ನೇ ಶತಮಾನದಲ್ಲಿ ಜರ್ಮನಿಯ ನಾಟ್ಸಿಗಳು ತಮ್ಮ ಲಾಂಛನಗಳಾಗಿ ಬಳಸಿಕೊಂಡರು. ಆದ್ದರಿಂದ ಅರ್ಥ ತಿಳಿಯದೆ ಅವುಗಳನ್ನು ಅಲಂಕಾರವಾಗಿ ಬಳಸುವುದು ಅಪಾರ್ಥಕ್ಕೆ ಎಡೆಮಾಡಬಹುದು.

ಕರ್ನಾಟಕದ ಪರಂಪರೆಗೆ ಅನ್ವಯ

ನಾರ್ಸ್ ವಸ್ತುಗಳಿಗೆ ಅನ್ವಯಿಸುವ ಈ ಕ್ರಮ ಯಾವುದೇ ನಾಡಿನ ಪರಂಪರೆಗೂ ಹೊಂದುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಮೂಲ 9ನೇ ಶತಮಾನದ್ದು. ಮೇಲೇರುತ್ತ ಕಿರಿದಾಗುವ ಅದರ ಶಿಖರದ ಅಂತಸ್ತುಗಳೂ ಕಲ್ಯಾಣಿಯ ಮೆಟ್ಟಿಲುಗಳೂ ಘನಗಳ ಜೋಡಣೆಗೆ ಸಹಜವಾಗಿ ಒಗ್ಗುವ ಆಕಾರಗಳು. ಕಂಬಗಳ ನವುರಾದ ಕೆತ್ತನೆ ಮಾತ್ರ ದೊಡ್ಡ ಕೋಶಗಳಲ್ಲಿ ಅಳಿಸಿಹೋಗುತ್ತದೆ.

ವೀರಗಲ್ಲು ಇನ್ನೊಂದು ಉದಾಹರಣೆ. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಎಂಬ ಮೂರು ಹಂತಗಳು ಅನೇಕ ವೀರಗಲ್ಲುಗಳಲ್ಲಿ ಕಂಡುಬರುತ್ತವೆ. ಮಡಿದ ವೀರರನ್ನು ವಾಲ್ಕಿರಿಯರು ವಾಲ್ಹಾಲಾಕ್ಕೆ ಒಯ್ಯುವರೆಂಬ ನಾರ್ಸ್ ನಂಬಿಕೆಗೆ ಇದು ಹತ್ತಿರವಾಗಿದೆ. ಒಂದೂವರೆ ಮೀಟರ್ ಎತ್ತರದ ವೀರಗಲ್ಲು 10 ಸೆಂ.ಮೀ. ಅಳತೆಯಲ್ಲಿ 15 ಕೋಶಗಳಷ್ಟೇ ಆಗುತ್ತದೆ. ಮೂರ್ತಿಗಳು ಅಳಿಸಿದರೂ ಮೂರು ಹಂತಗಳನ್ನು ಉಳಿಸಿದರೆ ಅದು ವೀರಗಲ್ಲೆಂದು ತಿಳಿಯುತ್ತದೆ, ಇಲ್ಲವಾದರೆ ಬರಿಯ ಕಲ್ಲಾಗುತ್ತದೆ.

ಮೂಲದ ನಿಖರ ಅಳತೆ ಬೇಕಾದಲ್ಲಿ ಮೂರು ಆಯಾಮದ ಸ್ಕ್ಯಾನ್ ನೆರವಾಗುತ್ತದೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಬೆಂಗಳೂರು ಮತ್ತು ಸುತ್ತಮುತ್ತಲಿನ ಶಿಲಾಶಾಸನಗಳನ್ನು ಈ ವಿಧಾನದಿಂದ ದಾಖಲಿಸುತ್ತಿದೆ. ಸ್ಕ್ಯಾನ್ ಕಲ್ಲಿನ ಪ್ರತಿ ಗೆರೆಯನ್ನೂ ಉಳಿಸಲು ಯತ್ನಿಸಿದರೆ, ವಾಕ್ಸೆಲ್ ಕಲೆ ಯಾವುದನ್ನು ಉಳಿಸಬೇಕೆಂದು ಆರಿಸುತ್ತದೆ.

ಹಂಚಿಕೆ ಮತ್ತು ಹಕ್ಕು

ಸಿದ್ಧವಾದ ಮಾಡ್‌ಗಳನ್ನು ಸ್ಟೀಮ್ ವರ್ಕ್‌ಶಾಪ್ ಮುಂತಾದ ತಾಣಗಳ ಮೂಲಕ ಹಂಚುತ್ತಾರೆ. ಪ್ರಾಚೀನ ಹಡಗಿನ ಅಥವಾ ದೇವಾಲಯದ ಆಕಾರ ಯಾರೊಬ್ಬರ ಸ್ವತ್ತಲ್ಲ. ಆದರೆ ಇನ್ನೊಬ್ಬರು ರಚಿಸಿದ ವಾಕ್ಸೆಲ್ ಮಾದರಿ ಅವರ ಕೃತಿ. ಅನುಮತಿಯಿಲ್ಲದೆ ಅದನ್ನು ತನ್ನ ಮಾಡ್‌ಗೆ ಸೇರಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು. ಮುಕ್ತ ಪರವಾನಗಿಯ ಮಾದರಿಗಳನ್ನು ಬಳಸುವಾಗಲೂ ಪರವಾನಗಿ ಬಯಸಿದರೆ ರಚನಕಾರರ ಹೆಸರನ್ನು ನಮೂದಿಸಬೇಕಾಗುತ್ತದೆ.